ತೊಟ್ಟಿಲಿಗೆ ಕಟ್ಟಿದ ರಷ್ಯಾದ ವಿಮಾನಗಳು

ಖುಷಿಯಾದರೆ ನನ್ನ ಬಾಯಿಗೆ ಬಾಗಿಲಿರುವುದಿಲ್ಲ. ದುಃಖವಾದರೆ ಗಪ್ಪಗೆ ಕೂಡಬಲ್ಲೆ, ಸಿಟ್ಟು ಬಂದರೆ ನುಂಗಬಲ್ಲೆ. ಸಂತೋಷ ಮಾತ್ರ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಉಗಾರ ಬುದ್ರುಕದ ಹೆಂಗಸು ರಷ್ಯಾದ ಯುದ್ಧವಿಮಾನಗಳ ಬಗ್ಗೆ ಬರೆಯಲು ಕೂತಿದ್ದಾಳೆಂದರೆ ಕಾರಣ ಅದೇ. ನಾನು ಆಯಿ ಆಗಿದ್ದೇನೆ! ಮಗಳಿಗೆ ಹೆಣ್ಣುಕೂಸು ಹುಟ್ಟಿದೆ! ಕೂಸಿಗೂ ವಿಮಾನಕ್ಕೂ ಏನು ಸಂಬಂಧ ಅಂತೀರಾ? ಹೇಳುತ್ತೇನೆ, ತಡೀರಿ.

ಮಗಳು ಸವಿತಾ ಹಾರೂಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಹೋದ ಸಲದ ಬಸಿರು ನಿಲ್ಲಲಿಲ್ಲ. ಅದಕ್ಕೇ ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಅಂದರು. ತವರಿಗೆ ಬಂದು ಮಲಗಿದ ಹುಡುಗಿ ಮೊಬೈಲಿನಲ್ಲಿ ಏನು ನೋಡಬೇಕು? ಸೋವಿಯತ್ ದೇಶದವರು ಶುರುಮಾಡಿ ಅರ್ಧಕ್ಕೆ ಕೈಬಿಟ್ಟ ವಿಮಾನಗಳನ್ನು! ಬರೀ ನೋಡಿದ್ದಲ್ಲ, ರಟ್ಟು ಕತ್ತರಿಸಿ, ಬಣ್ಣ ಹಚ್ಚಿ, ಕೂಸಿನ ತೊಟ್ಟಿಲಿಗೆ ಕಟ್ಟಲು ಅವನ್ನೇ ಮಾಡತೊಡಗಿದಳು. ಪಕ್ಕದಲ್ಲಿ ಕೂಸಿನ ತಲೆಗೆ ಕುಂಚಿಗೆ ಹೊಲಿಯುತ್ತ ಕೂತ ನನಗೆ ಒಂದೊಂದರ ಕಥೆ ಹೇಳುತ್ತಿದ್ದಳು. ಕೇಳಿ ಕೇಳಿ ನನಗೂ ಹುಚ್ಚು ಹಿಡಿಯಿತು.

ಟಿ-4 ಅಂತ ಒಂದಿತ್ತು ನೋಡಿ. ಬೆಳ್ಳಗೆ, ಕೊಕ್ಕರೆಯ ಹಾಗೆ ಉದ್ದ ಮೂತಿ. ಟೈಟಾನಿಯಂ ಎಂಬ ಭಾಳ ತುಟ್ಟಿಯ ಲೋಹದ ಮೈ. ಜೋರಾಗಿ ಹಾರುವಾಗ ಮೂತಿ ನೆಟ್ಟಗಾಗಿ ಚಾಲಕನ ಮುಂದಿನ ಗಾಜನ್ನೇ ಮುಚ್ಚಿಬಿಡುತ್ತಿತ್ತಂತೆ. ಇಳಿಯುವಾಗ ಅದನ್ನು ಬಾಗಿಸಿ ದಾರಿ ನೋಡಬೇಕು. ಹೊಸ ಸೊಸೆಯಾಗಿ ಗದ್ದದವರೆಗೆ ಸೆರಗೆಳೆದುಕೊಂಡು ನಾನು ನೀರು ಹೊರುತ್ತಿದ್ದದ್ದೂ ಹೀಗೆಯೇ, ಹೊಸ್ತಿಲು ಬಂದಾಗಷ್ಟೇ ಸೆರಗೆತ್ತಿ ನೋಡುವುದು! ನಾನು ಎಡವಿ ಕೊಡ ಒಡೆದೆ. ವಿಮಾನ ಎಡವಲಿಲ್ಲ, ಚಂದವಾಗಿ ಹಾರಿತು. ಆದರೆ ಖರ್ಚು ಕೈಮೀರಿತು, ಅದನ್ನು ಕಟ್ಟಬೇಕಿದ್ದ ಕಾರ್ಖಾನೆ ಬೇರೆ ವಿಮಾನಗಳಿಗೆ ಬೇಕಾಯಿತು. ಈಗ ಮ್ಯೂಸಿಯಮ್ಮಿನಲ್ಲಿ ನಿಂತಿದೆ.

ಎಂ-50 ಅಂತೂ ದೈತ್ಯ. ಅದರ ಇಂಜಿನ್ನುಗಳು ಎಣ್ಣೆ ಕುಡಿಯುವುದೇ ಕುಡಿಯುವುದು, ಅಂದುಕೊಂಡಷ್ಟು ದೂರ ಹೋಗುವುದು ಮಾತ್ರ ಆಗಲಿಲ್ಲ. ಅಷ್ಟರಲ್ಲಿ ಕ್ಷಿಪಣಿ ಬಂತು. ಕ್ಷಿಪಣಿಗೆ ಚಾಲಕ ಬೇಡ, ತಿರುಗಿ ಮನೆಗೆ ಬರುವ ಚಿಂತೆಯೂ ಇಲ್ಲ. ಇನ್ನು ಈ ಹೊಟ್ಟೆಬಾಕನನ್ನು ಸಾಕುವವರು ಯಾರು? ಮಾಸ್ಕೋದ ಜನರ ತಲೆಯ ಮೇಲೆ ಒಮ್ಮೆ ಮೆರೆಸಿ ಸುಮ್ಮನಾದರು.

ವಿವಿಎ-14ರ ಕಥೆ ಕೇಳುತ್ತ ನಾನು ಕೈಯ ಸೂಜಿ ಕೆಳಗಿಟ್ಟೆ. ನೆಲವಾಗಲಿ ನೀರಾಗಲಿ, ನಿಂತಲ್ಲಿಂದಲೇ ನೆಟ್ಟಗೆ ಮೇಲೇಳಬೇಕಾದ ವಿಮಾನ. ಎಲ್ಲ ಆಯಿತು, ಮೇಲೆತ್ತುವ ಇಂಜಿನ್ನುಗಳೇ ಬರಲಿಲ್ಲ. ಕೃಷ್ಣಾ ನದಿಯಿಂದ ಕಬ್ಬಿನ ಹೊಲದವರೆಗೆ ಪೈಪು ಹೂಳಿಸಿ, ಮೋಟಾರು ಇವತ್ತು ಬಂತು ನಾಳೆ ಬಂತು ಅಂತ ದಾರಿ ಕಾಯ್ದವರಿಗೆ ಈ ಸಂಕಟ ಗೊತ್ತು. ಕಾಯುತ್ತಿರುವಾಗಲೇ ಅದರ ಕನಸು ಕಂಡ ಎಂಜಿನಿಯರು ತೀರಿಕೊಂಡ. ಕನಸಿನ ಬೆನ್ನು ಹತ್ತುವವರು ಯಾರೂ ಉಳಿಯಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಹೆಸರಿಡುವ ದಿನ ಬಾಯಿ ಮುಚ್ಚಿಕೊಂಡಿರಲು ಆದೀತೇ? ಕೊಗನೊಳ್ಳಿಯಿಂದ ಬೀಗರು ಬಂದರು. ಬೀಗತಿ ತಾರಾಬಾಯಿ, ಅಂದರೆ ಸವಿತಾಳ ಅತ್ತೆ, ತೊಟ್ಟಿಲು ನೋಡಿ ಬಾಯಿ ಮೇಲೆ ಕೈಯಿಟ್ಟು ಹಿಗ್ಗಿದರು.

"ಚಂದ ಅದಾವಲ್ರಿ ಬೀಗತೇರ! ಎಲ್ಲೀವ್ರಿ ಈ ವಿಮಾನ?"

"ರಷ್ಯಾದವುರಿ! ಒಂದೂ ಮುಂದ ನಡೀಲಿಲ್ಲ, ಎಲ್ಲಾ ಅರ್ಧಕ್ಕ ನಿಂತಾವ!" ಎಂದೆ, ಹಲ್ಲೆಲ್ಲ ತೋರಿಸಿ.

ತಾರಾಬಾಯಿಯ ನಗು ಅಲ್ಲೇ ನಿಂತಿತು. "ಅರ್ಧಕ್ಕ ನಿಂತದ್ದನ್ನ ಕೂಸಿನ ನೆತ್ತಿ ಮ್ಯಾಲ ಕಟ್ಟೀರೇನ್ರಿ? ಹೋದ ಸಲ ಆಗಿದ್ದು ಸಾಲ್ಲಿಲ್ಲೇನು? ಬಿಚ್ಚರಿ ಮೊದಲ."

ಪಕ್ಕದ ಮನೆಯ ಶಾಂತಾ ಕಾಕು ಉಪ್ಪು ಸುರಿದಳು. "ತೊಟ್ಟಿಲಿಗಿ ಕಟ್ಟಾಕ ಗಿಣಿ ಸಿಗಲಿಲ್ಲೇನ ಬೇ ನಿನಗ? ಬಜಾರದಾಗ ರಗಡ ಅದಾವು."

ನಾನು ದಾರಕ್ಕೆ ಕೈ ಹಾಕಿದೆ. ಸವಿತಾ ನನ್ನ ಮಣಿಕಟ್ಟು ಹಿಡಿದಳು. ಅವಳ ಕಣ್ಣು ತುಂಬಿತ್ತು. ತಿಂಗಳುಗಟ್ಟಲೆ ಅಂಗಾತ ಮಲಗಿ, ಎದೆಯ ಮೇಲೆ ರಟ್ಟಿಟ್ಟುಕೊಂಡು ಮಾಡಿದ ವಿಮಾನಗಳವು. ಬಿಚ್ಚಿದರೆ ಮಗಳ ಮನಸ್ಸು ಮುರಿಯುತ್ತದೆ, ಬಿಚ್ಚದಿದ್ದರೆ ಬೀಗರ ಮನೆಯೊಂದಿಗಿನ ನಂಟು. ಎಲ್ಲ ನನ್ನ ಬಾಯಿಯ ಪ್ರತಾಪ!

ಅಷ್ಟರಲ್ಲಿ ಮುತ್ತೈದೆಯರು ಕಾರ್ಯಕ್ಕೆ ಅವಸರ ಮಾಡಿದರು. ನಮ್ಮಲ್ಲಿ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವ ಪದ್ಧತಿ. ತಾರಾಬಾಯಿ ಕಲ್ಲಿಗೆ ಎಣ್ಣೆ ಹಚ್ಚಿ, ಎರೆದು, ಕುಂಚಿಗೆ ತೊಡಿಸಿ, ಕಾಡಿಗೆಯ ಬೊಟ್ಟಿಟ್ಟು, ಹೆತ್ತ ಕೂಸೇನೋ ಎಂಬಂತೆ ಎತ್ತಿಕೊಂಡು ಮಲಗಿಸಿದರು.

ಸವಿತಾ ಮೆಲ್ಲಗೆ ಕೇಳಿದಳು. "ಅತ್ತಿ, ಮೊದಲ ಕಲ್ಲ ಯಾಕ ಹಾಕ್ತೀರಿ?"

"ಹಗ್ಗ ಗಟ್ಟಿ ಅದಾವೇನು, ತೊಟ್ಟಿಲಾ ತಡೀತೈತೇನು, ಕಲ್ಲಿಗೆ ಗೊತ್ತಾಗಲಿ ಅಂತ. ಆಮ್ಯಾಲ ಕೂಸು."

"ಇವೂ ಹಂಗರಿ ಅತ್ತಿ. ಇವು ಮೊದಲ ಹಾರಿ ನೋಡಿದ್ದಕ್ಕ ಹಿಂದಿಂದ ಬಂದವು ಗಟ್ಟಿ ಆದ್ವು. ಹೋದ ಸಲದ ಕೂಸನ್ನೂ ನಾ ಹಂಗ ತಿಳ್ಕೊಂಡೇನಿ."

ತಾರಾಬಾಯಿ ಕಲ್ಲಿನ ಕುಂಚಿಗೆ ಸರಿಮಾಡಿದರು, ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ತಲೆ ಎತ್ತಿ, "ಆ ಉದ್ದ ಮೂತೀದು ಕೂಸಿನ ಕಣ್ಣಿಗಿ ಬಡದೀತು. ಮ್ಯಾಲ ಎತ್ತಿ ಕಟ್ಟರಿ," ಅಂದರು.

ನಾನು ಎತ್ತಿ ಕಟ್ಟಿದೆ. ಕಲ್ಲು ತೆಗೆದು ಕೂಸನ್ನು ಹಾಕಿದೆವು. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಉಸುರಿದಳು, ಪದ್ಧತಿಯಂತೆ ಎಲ್ಲರೂ ಅವಳ ಬೆನ್ನಿಗೆ ಗುದ್ದಿದರು. ನನ್ನ ಬೆನ್ನಿಗೇ ನಾಲ್ಕು ಗುದ್ದಿದ್ದರೂ ಆ ಹೊತ್ತಿನಲ್ಲಿ ನಕ್ಕುಬಿಡುತ್ತಿದ್ದೆ.

ಈಗ ಮೊಮ್ಮಗಳಿಗೆ ಕೈಕಾಲು ಬಂದಿವೆ. ಮೊನ್ನೆ ಆ ದೈತ್ಯ ಎಂ-50ಅನ್ನು ದಾರ ಸಮೇತ ಕಿತ್ತು ಬಾಯಿಗೆ ಹಾಕಿಕೊಂಡಳು. ರೆಕ್ಕೆ ಒದ್ದೆ, ಮೂತಿ ಮುದ್ದೆ. ಯೋಜನೆ ಎರಡನೇ ಸಲ ನಿಂತಿತು, ಕಾರಣ ಕೇಳಿದರೆ ಜೊಲ್ಲು ಸುರಿಸಿ ನಗುತ್ತಾಳೆ. ಸುದ್ದಿ ತಿಳಿದ ತಾರಾಬಾಯಿ ಮರುದಿನವೇ ಬಸ್ಸು ಹತ್ತಿ ಬಂದರು, ಕಂಕುಳಲ್ಲಿ ಹೊಸ ವಿಮಾನಕ್ಕೆ ಬೇಕಾದ ರಟ್ಟಿನ ಡಬ್ಬಿ.