ಡಾರ್ಜಿಲಿಂಗಿಗೆ ಹೋದ ಕೌದಿ

ಭಾಲ್ಕಿ ಸ್ಟೇಷನ್ನಿನ ಎದುರು ಚಹಾದಂಗಡಿ ನಡೆಸುತ್ತಿದ್ದ ಬಸವಣ್ಣೆಪ್ಪ ಐವತ್ತನಾಲ್ಕನೇ ಇಸವಿಯಲ್ಲಿ ಡಾರ್ಜಿಲಿಂಗಿಗೆ ಹೊರಟಾಗ ಊರಿನವರು ನಕ್ಕರು. ಶ್ರೀಶೈಲವನ್ನೇ ನೋಡದವನು ಹಿಮಾಲಯಕ್ಕೆ ಹೊರಟನಂತೆ, ಚಹಾ ಕಾಸಿ ಕಾಸಿ ತಲೆ ಕೆಟ್ಟಿರಬೇಕು ಅಂದರು. ನಗಲಿ, ಅವರಿಗೇನು ಗೊತ್ತು. ಅವನು ಹೊರಟದ್ದು ಗುಡ್ಡ ನೋಡಲಿಕ್ಕಲ್ಲ, ಗುಲಾಮ ರಸೂಲನನ್ನು ಹುಡುಕಲಿಕ್ಕೆ. ಗುಲಾಮ ರಸೂಲ ಸತ್ತು ಆಗಲೇ ಆರು ವರ್ಷವಾಗಿತ್ತು. ಊರಲ್ಲಿ ಅದು ಗೊತ್ತಿದ್ದದ್ದು ಬಸವಣ್ಣೆಪ್ಪನೊಬ್ಬನಿಗೇ.

ನಿಜಾಮನ ಕಾಲದಲ್ಲಿ ಸ್ಟೇಷನ್ನಿನಲ್ಲಿ ಹಿಂದೂ ಚಹಾ ಬೇರೆ, ಮುಸ್ಲಿಂ ಚಹಾ ಬೇರೆ. ಹಿಂದೂ ಚಹಾದ ಬಸವಣ್ಣೆಪ್ಪ, ಮುಸ್ಲಿಂ ಚಹಾದ ಗುಲಾಮ ರಸೂಲ, ಇವರಿಬ್ಬರ ಅಂಗಡಿಗಳ ನಡುವೆ ಇದ್ದದ್ದು ಒಂದೇ ತಗಡು. ಚಹಾಪುಡಿಯ ಪೆಟ್ಟಿಗೆಯನ್ನು ಕೂಡಿ ತರಿಸಿ ಅರ್ಧರ್ಧ ಹಂಚಿಕೊಳ್ಳುತ್ತಿದ್ದರು. ಪುಡಿ ಎಲ್ಲಿಯದೋ, ಪೆಟ್ಟಿಗೆಯ ಮೇಲಿನ ಚಿತ್ರ ಮಾತ್ರ ಡಾರ್ಜಿಲಿಂಗಿನದು: ಬೆಳ್ಳಗಿನ ಬೆಟ್ಟ, ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸು. ಒಂದಲ್ಲ ಒಂದು ದಿನ ಇಬ್ಬರೂ ಹೋಗಿ ಆ ತೋಟ ನೋಡಿಬರಬೇಕು ಎಂದು ಗುಲಾಮ ರಸೂಲ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಹದಿನಾಲ್ಕು ವರ್ಷದ ಗೆಳೆತನ. ಹಾಗಂತ ಬಸವಣ್ಣೆಪ್ಪ ಅವನ ಕೈಯ ಚಹಾ ಒಂದು ಸಲವೂ ಕುಡಿದವನಲ್ಲ, ಅವನನ್ನು ಪಡಸಾಲೆ ದಾಟಿ ಒಳಗೆ ಕರೆದವನೂ ಅಲ್ಲ. ಇದರಲ್ಲಿ ಏನೋ ತಪ್ಪಿದೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ನಲವತ್ತೆಂಟರ ಸೆಪ್ಟೆಂಬರಿನಲ್ಲಿ ಭಾರತದ ಫೌಜು ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ನಿಜಾಮನ ಕಡೆಯ ರಜಾಕಾರರು ಊರೂರು ಸುಟ್ಟದ್ದಕ್ಕೆ ಸೇಡು ತೀರಿಸಿಕೊಳ್ಳಲು ಜನ ಕೊಡಲಿ ಹಿಡಿದು ರಸ್ತೆಗಿಳಿದರು. ಸುಟ್ಟವರು ಯಾವಾಗಲೋ ಓಡಿಹೋಗಿದ್ದರು; ಕೈಗೆ ಸಿಕ್ಕವರು ಚಹಾ ಕಾಸುವವರು, ಟಾಂಗಾ ಹೊಡೆಯುವವರು. ಗುಲಾಮ ರಸೂಲನನ್ನು ಸಾಯಗಾಂವದ ತನ್ನ ಅಕ್ಕನ ಮನೆಯಲ್ಲಿ ಬಚ್ಚಿಡುತ್ತೇನೆಂದು ಬಸವಣ್ಣೆಪ್ಪ ಹೊರಟ. ಗೆಳೆಯನ ಗಡ್ಡ ಬೋಳಿಸಿ, ಧೋತರ ಉಡಿಸಿ, ಹಣೆ ತುಂಬ ವಿಭೂತಿ ಬಳಿದ. ತಮ್ಮನ ಮನೆಯಲ್ಲಿ ಹುಟ್ಟಲಿದ್ದ ಕೂಸಿಗೆಂದು ತಂದಿಟ್ಟಿದ್ದ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿದ. ಹೆಸರು ಶಿವರಾಜಪ್ಪ, ಊರು ಚಿಂತಾಕಿ, ಮಠ ಇಂಥದು ಎಂದು ಬಾಯಿಪಾಠ ಮಾಡಿಸಿದ. ಎಲ್ಲ ಕಲಿಸಿದ್ದೇನೆ ಎಂದೇ ತಿಳಿದಿದ್ದ.

ಹಳ್ಳದ ಹತ್ತಿರ ಎಂಟು ಹತ್ತು ಮಂದಿ ತಡೆದರು. ಗುಲಾಮ ರಸೂಲ ತಡವರಿಸದೆ ಎಲ್ಲ ಹೇಳಿದ. ಆಗ ಅವರಲ್ಲೊಬ್ಬ ಮುದುಕ, ಲಿಂಗ ತೆಗೆದು ಪೂಜೆ ಮಾಡಿ ತೋರಿಸು ಅಂದ. ಗುಲಾಮ ರಸೂಲ ಧೋತರಕ್ಕೆ ಕೈ ಒರೆಸಿಕೊಂಡು, ಕರಡಿಗೆ ಬಿಚ್ಚಿ, ಲಿಂಗವನ್ನು ಬಲಗೈಯಲ್ಲಿಟ್ಟುಕೊಂಡ. ಲಿಂಗ ಕೂಡಬೇಕಾದದ್ದು ಎಡ ಅಂಗೈಯಲ್ಲಿ, ಬಲಗೈ ಇರುವುದು ಪೂಜೆ ಮಾಡಲಿಕ್ಕೆ. ಲಿಂಗವಂತರ ಮನೆಯ ಕೂಸಿಗೂ ಇದು ಗೊತ್ತು. ಆದರೆ ಗುಲಾಮ ರಸೂಲನ ಮನೆಯಲ್ಲಿ ಎಡಗೈಯಿಂದ ಉಪ್ಪು ಸಹ ಕೊಡುವವರಲ್ಲ. ಇನ್ನೊಬ್ಬರ ದೇವರನ್ನು ಎಡಗೈಯಲ್ಲಿ ಹಿಡಿಯಲು ಆ ಪುಣ್ಯಾತ್ಮನಿಗೆ ಮನಸ್ಸು ಹೇಗೆ ಬರಬೇಕು? ಮರ್ಯಾದೆ ಕೊಡಲು ಹೋಗಿ ಸಿಕ್ಕಿಬಿದ್ದ. ಮುದುಕ ಬಸವಣ್ಣೆಪ್ಪನ ಕಡೆ ತಿರುಗಿದ.

"ಇಂವ ನಿನಗೇನಾಗಬೇಕು?"

"ಏನೂ ಆಗಬೇಕಿಲ್ರಿ," ಅಂದ ಬಸವಣ್ಣೆಪ್ಪ. "ದಾರ್ಯಾಗ ಸಿಕ್ಕಾಂವ."

ಗುಲಾಮ ರಸೂಲ ಅದನ್ನು ಕೇಳಿಸಿಕೊಂಡ. ಆಮೇಲೆ ಕೊಡಲಿ ಬಿತ್ತು.

ಗುಲಾಮ ರಸೂಲನ ಹೆಂಡತಿ ಹಲೀಮಾಬೀಯ ಮುಂದೆ ನಿಂತಾಗ ಬಸವಣ್ಣೆಪ್ಪ ನಿಜ ಹೇಳಲಿಲ್ಲ. ರೈಲು ಸಿಕ್ಕಿತು, ಕಲಕತ್ತೆಯ ಕಡೆ ಹೋದ, ಡಾರ್ಜಿಲಿಂಗಿನ ಚಹಾದ ತೋಟದಲ್ಲಿ ಕೆಲಸ ಹಿಡಿಯುತ್ತಾನಂತೆ ಎಂದುಬಿಟ್ಟ. ಎರಡು ದಿನ ಬಿಟ್ಟು ನಿಜ ಹೇಳಿದರಾಯಿತು ಅಂದುಕೊಂಡ. ಎರಡು ದಿನ ಆರು ವರ್ಷವಾಯಿತು. ಅವಳ ಮನೆಗೆ ಜೋಳ ಹಾಕಿಸಿದ, ಸೋರುವ ಮಾಳಿಗೆಗೆ ಮಣ್ಣು ಹಾಕಿಸಿದ. ಅವಳು ಅಣ್ಣಾ ಎಂದು ಕರೆಯುತ್ತಿದ್ದಳು, ಕೈತುಂಬ ಬಳೆ ತೊಟ್ಟೇ ಇದ್ದಳು. ದಿನಾ ಬೆಳಿಗ್ಗೆ ಬಸವಣ್ಣೆಪ್ಪ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ.

ಕೊನೆಗೆ ಕೊಡಲಿಗೆ ಹೆದರಿ ಓಡಿಹೋದವರು ಒಬ್ಬೊಬ್ಬರೇ ಊರಿಗೆ ಮರಳಿದರು. ಹಲೀಮಾಬೀ ಹಟ ಹಿಡಿದಳು: ಹೋಗಿ ಕರಕೊಂಡು ಬಾ, ಬರಲೊಲ್ಲೆ ಅಂದರೆ ಇದನ್ನಾದರೂ ಕೊಟ್ಟು ಬಾ, ಅಲ್ಲಿ ಥಂಡಿ ಜಾಸ್ತಿಯಂತೆ. ಗಂಡನ ಹಳೆಯ ಅಂಗಿ, ಲುಂಗಿ ಕೂಡಿಸಿ ಕೌದಿ ಹೊಲಿದಿದ್ದಳು.

ಐದು ದಿನದ ದಾರಿ. ನಡುವೆ ಗಂಗೆಯನ್ನು ಸ್ಟೀಮರಿನಲ್ಲಿ ದಾಟಿ, ಆಟಿಕೆಯಂಥ ರೈಲಿನಲ್ಲಿ ಗುಡ್ಡ ಹತ್ತಿದ. ಡಾರ್ಜಿಲಿಂಗು ಮೂರು ದಿನ ಮಂಜಿನಲ್ಲೇ ಇತ್ತು. ಚಿತ್ರದ ಬೆಳ್ಳಗಿನ ಬೆಟ್ಟ ಕಾಣಿಸಲೇ ಇಲ್ಲ. ಸುಳ್ಳನ್ನಾದರೂ ನೆಟ್ಟಗೆ ಮಾಡೋಣವೆಂದು ತೋಟವೊಂದಕ್ಕೆ ಹೋಗಿ, ಗುಲಾಮ ರಸೂಲ ಎನ್ನುವವನು ಇದ್ದಾನೆಯೇ ಎಂದು ತನ್ನ ಹರಕು ಉರ್ದುವಿನಲ್ಲಿ ಕೇಳಿದ. ಇಲ್ಲ ಎನ್ನುವ ಮಾತನ್ನು ಕೇಳಿಸಿಕೊಂಡು ಹೋಗುವುದಷ್ಟೇ ಅವನ ಲೆಕ್ಕ. ತೋಟದ ಮುನ್ಷಿ ಒಳ್ಳೆಯವನು, ಇದ್ದಾನೆ ಅಂದ, ಆಳು ಕಳಿಸಿದ.

ಬಂದವನು ಅದೇ ಹೆಸರಿನ, ಬಿಹಾರದ ಕಡೆಯ ಒಬ್ಬ ಮುದುಕ. ತನ್ನ ಊರಿನವರು ಯಾರೋ ಬಂದಿದ್ದಾರೆಂದು ಏದುಸಿರು ಬಿಡುತ್ತ ಓಡಿಬಂದಿದ್ದ. ಬಸವಣ್ಣೆಪ್ಪನಿಗೆ ಥಟ್ಟನೆ ಹೊಳೆಯಿತು: ಈ ಕೌದಿಯನ್ನು ಇವನಿಗೆ ಕೊಟ್ಟರೆ, ಗುಲಾಮ ರಸೂಲನಿಗೆ ಕೊಟ್ಟುಬಂದೆ ಎಂದು ಅವಳ ಕಣ್ಣು ನೋಡಿಯೇ ಹೇಳಬಹುದು. ಕೌದಿ ಚಾಚಿದ. ಮುದುಕ ಅಂಗಿಗೆ ಕೈ ಒರೆಸಿಕೊಂಡು, ಬಲಗೈ ಮುಂದೆ ಮಾಡಿದ.

ಬಸವಣ್ಣೆಪ್ಪ ಕೌದಿಯನ್ನು ಎದೆಗೆಳೆದುಕೊಂಡು ಅಲ್ಲೇ ಗಿಡಗಳ ನಡುವೆ ಕುಸಿದು ಕೂತ. ಎಲೆ ಕೀಳುವ ಹೆಂಗಸರು ಕೈ ನಿಲ್ಲಿಸಿ ನೋಡಿದರು. ಮುದುಕ ಏನೂ ತಿಳಿಯದೆ, ಬರಿಗೈಯಲ್ಲೇ ಹೋದ.

ಭಾಲ್ಕಿಗೆ ಬಂದವನೇ ಮನೆಗೂ ಹೋಗದೆ ಹಲೀಮಾಬೀಯ ಮುಂದೆ ಕೌದಿ ಇಟ್ಟು ಎಲ್ಲ ಹೇಳಿದ. ಬಲಗೈಯದೂ ಹೇಳಿದ, ಹಳ್ಳದ ಬಳಿ ತಾನು ಆಡಿದ ಮಾತನ್ನೂ ಮುಚ್ಚಿಡಲಿಲ್ಲ. ಅವಳು ಬಳೆಗಳನ್ನು ಒಂದೊಂದಾಗಿ ಹೊಸ್ತಿಲಿಗೆ ಬಡಿದು ಒಡೆದಳು.

"ಅವತ್ತೇ ಹೇಳಿದ್ರ ಅವತ್ತೇ ಅಳ್ತಿದ್ನಿ," ಅಂದಳು. "ಸತ್ತಾಂವಗ ಒಂದ್ ಫಾತಿಹಾ ಓದ್ಸಲಾರದಂಗ ಮಾಡಿದ್ರಿ. ಇವತ್ತಿಂದ ಇದ್ದತ್ ಕೂಡ್ತೇನಿ. ಇನ್ನ ಪರಗಂಡಸ್ರು ಈ ಕಡಿ ಬರಬಾರದ್ರಿ."

ಗಂಡ ಸತ್ತವಳು ಇದ್ದತ್ತಿನಲ್ಲಿ ಕೂಡುವುದು ನಾಲ್ಕು ತಿಂಗಳು ಹತ್ತು ದಿನ. ಬಸವಣ್ಣೆಪ್ಪ ಅಷ್ಟೂ ದಿನ ಕಾದ. ಮುಗಿದ ಮಾರನೆಯ ಬೆಳಿಗ್ಗೆ ಜೋಳದ ಚೀಲ ಹೊತ್ತು ಬಾಗಿಲಿಗೆ ಹೋದ. ಬಾಗಿಲಿಗೆ ಆ ಕೌದಿಯನ್ನೇ ಪರದೆ ಕಟ್ಟಿದ್ದಳು. ಒಳಗಿನಿಂದ ಯಾರು ಎಂದು ಕೇಳಿದಳು.

"ನಾ ಬಸವಣ್ಣೆಪ್ಪ, ಭಾಬಿ."

ಅವಳು ಒಳಗಿದ್ದ ಮತ್ತಾರಿಗೋ ಹೇಳಿದಳು:

"ಯಾರೂ ಅಲ್ಲ. ದಾರ್ಯಾಗ ಸಿಕ್ಕಾಂವ."

ಬಸವಣ್ಣೆಪ್ಪ ಚೀಲವನ್ನು ಕಟ್ಟೆಯ ಮೇಲಿಟ್ಟು ಅಂಗಡಿಗೆ ಹೋದ. ಸಂಜೆ ನೋಡಿದರೆ ಚೀಲ ಇಟ್ಟಲ್ಲೇ ಇತ್ತು.