ಒಳಗೆ ಬಿಟ್ಟ ಬಟ್ಟೆ

ಆ ಬೀದಿಯಲ್ಲಿ ಬಟ್ಟೆ ಹೊಲಿಯುವವರಿಗೇನೂ ಬರವಿರಲಿಲ್ಲ. ಆದರೆ ಬಟ್ಟೆಯನ್ನೂ ಹೊಲಿದು, ಕಾದಂಬರಿಯನ್ನೂ ಬರೆಯುವವಳು ಒಬ್ಬಳೇ. ಟೈಲರಮ್ಮನ ಅಂಗಡಿ ಎಲ್ಲಿ ಅಂದರೆ ಸಾಕು, ಮೂಲೆಯ ಬೇಕರಿಯವನು ಕೈ ತೋರಿಸುತ್ತಿದ್ದ, ಜೊತೆಗೊಂದು ನಗೆಯನ್ನೂ ಬಿಡುತ್ತಿದ್ದ. ನಗಲಿ ಬಿಡಿ. ವಾರಪತ್ರಿಕೆ ಬಂದ ದಿನ ಎಲ್ಲರಿಗಿಂತ ಮೊದಲು ಆ ಪುಟ ತೆಗೆದು ಓದುತ್ತಿದ್ದವನೂ ಅವನೇ.

ಕಥೆ ಏನಂತೀರಿ? ಒಬ್ಬಳು ಹೊಲಿಗೆಯವಳು. ಅಂಗಡಿಯ ಟ್ರಯಲ್ ರೂಮಿನ ಕನ್ನಡಿ ಒರೆಸುತ್ತಾ ಒರೆಸುತ್ತಾ ಒಂದು ದಿನ ಕನ್ನಡಿಯೊಳಗೇ ಹೋಗಿಬಿಡುತ್ತಾಳೆ. ಆ ಕಡೆ ಇಳಿದರೆ ಇನ್ನೂರು ವರ್ಷದ ಹಿಂದಿನ ಕಾಲ. ಯಾವುದೋ ರಾಜನ ದಂಡು ಬೀಡುಬಿಟ್ಟಿದೆ. ಡೇರೆ ಹೊಲಿಯುವವನೊಬ್ಬ ಮುರಿದ ಸೂಜಿ ಹಿಡಿದುಕೊಂಡು ತಲೆ ಮೇಲೆ ಕೈಹೊತ್ತು ಕೂತಿದ್ದಾನೆ. ಇವಳು ಕಾಲರಿಗೆ ಚುಚ್ಚಿಕೊಂಡಿದ್ದ ತನ್ನ ಸೂಜಿ ತೆಗೆದು ಕೊಡುತ್ತಾಳೆ. ಪ್ರೇಮ ಅಲ್ಲಿಂದ ಶುರು. ರಾಜಕುಮಾರನನ್ನು ಬಿಟ್ಟು ಡೇರೆಯವನೇ ಯಾಕೆ ಅಂತ ಯಾರಾದರೂ ಕೇಳಿದರೆ ಟೈಲರಮ್ಮ, "ರಾಜಕುಮಾರ ಯಾವತ್ತೂ ನಮ್ಮಂಗಡಿಗೆ ಬಂದಿಲ್ಲ, ಅವನ ಅಳತೆ ನಂಗೊತ್ತಿಲ್ಲ" ಅನ್ನುತ್ತಿದ್ದಳು.

ಹಠ ಅವಳಿಗೆ ಹುಟ್ಟಿನಿಂದಲೇ ಬಂದದ್ದು. ಎರಡನೇ ಕಂತಿನಲ್ಲಿ ಡೇರೆಯವನು ಮಳೆ ಬಂತೆಂದು ಡೇರೆಯ ಬಾಗಿಲಿನ ಜಿಪ್ಪು ಎಳೆದುಬಿಟ್ಟಿದ್ದ. ದಿನಾ ಪ್ಯಾಂಟಿಗೆ ಜಿಪ್ಪು ಹಾಕುವ ಕೈ, ಬರೆಯುವಾಗಲೂ ಹಾಕಿಬಿಟ್ಟಿತ್ತು. ಪತ್ರಿಕೆಯ ಸಂಪಾದಕರು ಫೋನು ಮಾಡಿ, "ಏನಮ್ಮ, ಇನ್ನೂರು ವರ್ಷದ ಹಿಂದೆ ಜಿಪ್ಪಾ?" ಅಂದರು. ಬೇರೆಯವರಾಗಿದ್ದರೆ ಆ ಸಾಲು ಹೊಡೆದುಹಾಕುತ್ತಿದ್ದರು. ಇವಳು ಜಪ್ಪಯ್ಯ ಅಂದರೂ ಹೊಡೆಯಲಿಲ್ಲ. ನಾಯಕಿ ತನ್ನ ಕೈಚೀಲದ ಜಿಪ್ಪು ಬಿಚ್ಚಿ ಅವನ ಡೇರೆಗೆ ಹೊಲಿದುಕೊಟ್ಟಳು ಅಂತ ಆ ಸಾಲಿಗೆ ಮುಂಚೆ ಒಂದು ಪುಟ ಸೇರಿಸಿ ಕಳಿಸಿದಳು. ಓದುಗರಿಗೆ ಆ ಪುಟವೇ ಎಲ್ಲಕ್ಕಿಂತ ಹಿಡಿಸಿತು.

ಇಷ್ಟೆಲ್ಲ ನಗುವಿನ ವಿಷಯ. ಕಥೆ ಹುಟ್ಟಿದ್ದು ಮಾತ್ರ ನಗುವಿನಲ್ಲಲ್ಲ.

ಅಂಗಡಿ ಮೊದಲಿಂದಲೂ ಅವಳ ಅತ್ತೆಯದು. ಅತ್ತೆ ಕತ್ತರಿಸುವುದು, ಮಗ ಮೆಷಿನ್ ತುಳಿಯುವುದು, ಸೊಸೆ ಕಾಜಾ, ಗುಂಡಿ, ಇಸ್ತ್ರಿ. ಅತ್ತೆಯದು ಒಂದೇ ಕಟ್ಟಪ್ಪಣೆ: ಯಾರ ಬಟ್ಟೆಯೇ ಆಗಲಿ, ಹೊಲಿಗೆಯ ಒಳಗಡೆ ಎರಡು ಬೆರಳಷ್ಟು ಬಟ್ಟೆ ಬಿಡಬೇಕು. "ಮನುಷ್ಯ ಇವತ್ತು ಇದ್ದಹಾಗೆ ನಾಳೆ ಇರ್ತಾನಾ? ಮೈ ಬಂದ್ರೆ ಬಿಚ್ಚಿ ಸಡಿಲ ಮಾಡ್ಕೊಳ್ಳಲಿ" ಅನ್ನುತ್ತಿದ್ದರು. ಬೇರೆ ಅಂಗಡಿಯವರು ಉಳಿದ ಬಟ್ಟೆಯಲ್ಲಿ ಒಂದು ಟೋಪಿ ಹೊಲಿಯುತ್ತಿದ್ದರು. ಈ ಅಂಗಡಿಯಲ್ಲಿ ಅದು ಗಿರಾಕಿಯ ಮೈಮೇಲೇ ಇರುತ್ತಿತ್ತು.

ಟೈಲರಮ್ಮನ ಗಂಡ ಕಾಯಿಲೆ ಬಿದ್ದು ಕಡ್ಡಿಯಾದ. ಚಳಿ ತಡೆಯಲಾಗದೆ, "ನಂಗೊಂದು ಕೋಟು ಹೊಲ್ಕೊಡೆ" ಅಂದ. ಅವಳು ಅವನ ಆವತ್ತಿನ ಅಳತೆಗೇ ಹೊಲಿದಳು. ಒಳಗಡೆ ಮಾತ್ರ ಎರಡು ಬೆರಳಲ್ಲ, ನಾಲ್ಕು ಬೆರಳು ಬಟ್ಟೆ ಬಿಟ್ಟಳು. ಅವನು ಪಕ್ಕೆ ಮುಟ್ಟಿ ನೋಡಿಕೊಂಡು ನಕ್ಕ. "ಇದೇನೇ ಇಷ್ಟು? ನನ್ನನ್ನ ಪೈಲ್ವಾನ ಮಾಡ್ತೀಯಾ?" ಅಂದ. ಅದನ್ನು ಬಿಚ್ಚುವ ಕಾಲ ಬರಲೇ ಇಲ್ಲ. ಕೋಟು ಟ್ರಯಲ್ ರೂಮಿನ ಕನ್ನಡಿಯ ಪಕ್ಕ ಗೂಟದಲ್ಲಿ ಉಳಿಯಿತು. ಅತ್ತೆ ಬೆಳಿಗ್ಗೆ ಅಂಗಡಿ ಗುಡಿಸಿದ ಮೇಲೆ ಅದರ ಧೂಳು ಹೊಡೆಯುತ್ತಿದ್ದರು, ಅಷ್ಟೆ. ಮಾತು ನಿಂತುಹೋಗಿತ್ತು. ಹಸಿವಾದರೂ ಹೇಳುತ್ತಿರಲಿಲ್ಲ.

ಇಬ್ಬರು ಹೆಂಗಸರು, ಒಂದು ಮೆಷಿನ್ನಿನ ಸದ್ದು. ಆ ಮೌನಕ್ಕೆ ಉಸಿರು ಕಟ್ಟಿ ಒಂದು ಮಧ್ಯಾಹ್ನ ಸೊಸೆ ಬಾಯಿಗೆ ಬಂದದ್ದು ಶುರು ಮಾಡಿದಳು. ಒಬ್ಬಳು ಹೊಲಿಗೆಯವಳಿದ್ದಳಂತೆ ಅತ್ತೆ, ಕನ್ನಡಿ ಒರೆಸುತ್ತಿದ್ದಳಂತೆ, ಕೈ ಒಳಗೆ ಹೋಯಿತಂತೆ. ಅಷ್ಟು ಹೇಳಿ ದಾರ ಕತ್ತರಿಸಲು ನಿಲ್ಲಿಸಿದಳು. ಗುಂಡಿ ಡಬ್ಬಿಯ ಮುಂದೆ ಕೂತಿದ್ದ ಅತ್ತೆ ತಲೆ ಎತ್ತದೆ, "ಆಮೇಲೆ?" ಅಂದರು. ಎಷ್ಟೋ ತಿಂಗಳ ಮೇಲೆ ಅವರ ಬಾಯಿಂದ ಬಂದ ಮೊದಲ ಮಾತು. ಟೈಲರಮ್ಮನಿಗೆ ಆಮೇಲೆ ಏನೆಂದು ಗೊತ್ತೇ ಇರಲಿಲ್ಲ. ಆದರೂ ಹೇಳಿದಳು. ಮಾರನೇ ದಿನವೂ ಹೇಳಿದಳು. ಮರೆತುಹೋಗಬಾರದೆಂದು ಕಟಿಂಗ್ ಟೇಬಲ್ಲಿನ ಖಾಕಿ ಕಾಗದದ ಮೇಲೆ ಬರೆಯತೊಡಗಿದಳು. ಪತ್ರಿಕೆ, ಕಂತು, ಬೇಕರಿಯವನ ನಗೆ ಎಲ್ಲ ಬಂದದ್ದು ಆಮೇಲೆ. ಪ್ರತಿ ಕಂತನ್ನೂ ಮೊದಲು ಕೇಳುವವರು ಅತ್ತೆಯೇ.

ಕೊನೆಯ ಕಂತು ಹತ್ತಿರ ಬಂದಾಗ ಪೇಚಾಟ ಶುರುವಾಯಿತು. ಸಂಪಾದಕರು ಅಂಗಡಿಗೇ ಬಂದು ಸ್ಟೂಲಿನ ಮೇಲೆ ಕೂತರು. ಕೆಟ್ಟ ಮನುಷ್ಯರಲ್ಲ. ಅವರಿಗೂ ಪತ್ರಿಕೆ ನಡೆಯಬೇಕಲ್ಲ.

"ಹುಡುಗಿ ವಾಪಸ್ ಬರ್ಬೇಕು, ಅವನು ಯುದ್ಧದಲ್ಲಿ ಸಾಯ್ಬೇಕು. ಅವಳ ತೊಡೆ ಮೇಲೇ. ಓದೋರು ಗೊಳೋ ಅಂತ ಅಳ್ಬೇಕು" ಅಂದರು.

"ಅವನು ಸಾಯೋದು ಬೇಡ ಸರ್."

"ನೀವು ಸಾಯಿಸದೆ ಇದ್ರೆ ಬದುಕಿರ್ತಾನೇನಮ್ಮ? ಇನ್ನೂರು ವರ್ಷ ಆಯ್ತು. ಇವಳು ಈ ಕಡೆ ಕಾಲಿಟ್ಟ ಕ್ಷಣಾನೇ ಅವನು ಸತ್ತು ಮಣ್ಣಾಗಿರ್ತಾನೆ. ಅವನು ಬದುಕಿದ್ನೋ ಇಲ್ವೋ ಅಂತ ಅವಳಿಗೆ ಹೇಗೆ ಗೊತ್ತಾಗ್ಬೇಕು? ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮುಗಿಸಿದ್ರೆ ನಂಗೆ ಆಗಲ್ಲ. ನಾಳೆ ಸಂಜೆ ಒಳಗೆ ಕೊಡಿ."

ಸಂಪಾದಕರು ಹೋದ ಮೇಲೆ ಅತ್ತೆ ಮೆಲ್ಲಗೆ, "ಅವಳು ಅಲ್ಲೇ ಇದ್ದುಬಿಡ್ಲಿ" ಅಂದರು.

"ಮತ್ತೆ ಇಲ್ಲಿ ಅವಳ ಅತ್ತೆ ಗತಿ ಏನು?"

"ಅವಳಿಗೆ ಅತ್ತೆ ಬೇರೆ ಇದ್ದಾಳಾ? ನೀನು ಹೇಳೇ ಇಲ್ಲ."

"ಇದ್ದಾರೆ. ಗುಂಡಿ ಡಬ್ಬಿ ಮುಂದೆ ಕೂತಿದ್ದಾರೆ. ಅವರನ್ನ ಬಿಟ್ಟು ಅವಳು ಎಲ್ಲೂ ಇರಲ್ಲ."

ಅತ್ತೆ ಗುಂಡಿ ಹುಡುಕುವ ನೆವ ಮಾಡಿ ಮುಖ ತಿರುಗಿಸಿಕೊಂಡರು.

ಆ ಸಂಜೆ ಟೈಲರಮ್ಮ ಹಲ್ಲುಕಚ್ಚಿ ಅವನನ್ನು ಸಾಯಿಸಿದಳು. ಈಟಿ, ರಕ್ತ, ತೊಡೆ, ಎಲ್ಲ ಬಂತು. ಬರೆದದ್ದನ್ನು ಅತ್ತೆಗೆ ಓದಲು ಬಾಯಿ ಬರದೆ ಟೇಬಲ್ಲಿನ ಮೇಲೇ ಇಟ್ಟು ಒಳಗೆ ಹೋದಳು. ಬೆಳಿಗ್ಗೆ ಬಂದು ನೋಡಿದರೆ ಆ ಹಾಳೆ ಇಲ್ಲ. ಟೇಬಲ್ಲಿನ ಮೇಲೆ ಯೂನಿಫಾರ್ಮ್ ಅಂಗಿಯ ಎರಡು ತೋಳಿನ ಅಳತೆ ಕಾಗದ ಕತ್ತರಿಸಿಟ್ಟಿತ್ತು. ಒಂದು ತೋಳಿನ ಮೇಲೆ ಈಟಿಯ ಸಾಲು, ಇನ್ನೊಂದರ ಮೇಲೆ ರಕ್ತದ ಸಾಲು.

"ಅತ್ತೆ, ಇದೇನು?"

"ತೋಳಿಗೆ ಕಾಗದ ಬೇಕಿತ್ತು."

"ಖಾಲಿ ಕಾಗದದ ಕಟ್ಟು ಪಕ್ಕದಲ್ಲೇ ಇದೆಯಲ್ಲ."

"ಕಣ್ಣು ಕಾಣಿಸ್ಲಿಲ್ಲ" ಅಂದರು ಅತ್ತೆ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಹೆಂಗಸು! ಕತ್ತರಿಯನ್ನು ಟೇಬಲ್ಲಿನ ಮೇಲಿಟ್ಟು ಹೇಳಿದರು. "ಒಂದು ಸಲ ಕಣ್ಣಾರೆ ನೋಡಿದ್ದೀನಿ, ಸಾಕು. ಕಾಗದದ ಮೇಲೂ ಯಾಕೆ ತೋರಿಸ್ತೀಯ?"

"ಅವನು ಬದುಕಿದ ಅಂತ ಬರೆದ್ರೆ ಅವಳಿಗೆ ಅದು ಹೇಗೆ ಗೊತ್ತಾಗತ್ತೆ ಅತ್ತೆ?"

"ಅದು ನಿನ್ನ ಕೆಲಸ. ನನ್ನ ಕೆಲಸ ಕತ್ತರಿಸೋದು."

ಅಲ್ಲಿಗೆ ಟೈಲರಮ್ಮ ಸೊಂಟಕ್ಕೆ ಟೇಪು ಬಿಗಿದುಕೊಂಡು ನಿಶ್ಚಯ ಮಾಡಿದಳು. ಪತ್ರಿಕೆ ನಿಂತರೂ ಸರಿ, ಸಂಪಾದಕರು ತಲೆಕೆಳಗಾಗಿ ನಿಂತರೂ ಸರಿ, ಡೇರೆಯವನನ್ನು ಬದುಕಿಸಿಯೇ ಸಿದ್ಧ. ಅವನು ಬದುಕದಿದ್ದರೆ ಗುಂಡಿ ಡಬ್ಬಿಯ ಮುಂದೆ ಮತ್ತೆ ಆ ಮೌನ ಬಂದು ಕೂರುತ್ತದೆ. ಅದನ್ನು ಇನ್ನೊಂದು ಸಲ ತಡೆದುಕೊಳ್ಳಲು ಅವಳಿಂದಾಗದು. ಆದರೆ ನಿಶ್ಚಯ ಮಾಡಿದರೆ ದಾರಿ ಸಿಗಬೇಕಲ್ಲ. ಕಾಗದ ಹಿಡಿದು ಕೂತಳು, ಎದ್ದಳು, ಕನ್ನಡಿ ಒರೆಸಿದಳು. ಕೈಯೇನೂ ಒಳಗೆ ಹೋಗಲಿಲ್ಲ.

ಮಧ್ಯಾಹ್ನ ಅಂಚೆ ಕಚೇರಿಯ ಗುಮಾಸ್ತನೊಬ್ಬ ಹಳೇ ಕೋಟು ತಂದ. ತೀರಿಹೋದ ತಂದೆಯದಂತೆ, ತನಗೆ ದೊಗಲೆ, ಟೈಟ್ ಮಾಡಿಕೊಡಿ ಅಂದ. ಅವಳು ಒಳಪದರದ ಅಸ್ತರು ಎತ್ತಿ ಪಕ್ಕೆಯ ಹೊಲಿಗೆ ಬಿಚ್ಚಿದಳು. ಹೊಲಿಗೆಯ ಈಚೆಗೆ ಹಳೇ ಸೂಜಿಯ ತೂತುಗಳ ಇನ್ನೊಂದು ಸಾಲಿತ್ತು. ಎರಡು ಸಾಲಿನ ನಡುವಿನ ಬಟ್ಟೆ ಮಾತ್ರ ಬಿಸಿಲು ಕಾಣದೆ ಕಡುಬಣ್ಣದಲ್ಲೇ ಉಳಿದಿತ್ತು. ಯಾವುದೋ ಕಾಲದಲ್ಲಿ ಬಿಚ್ಚಿ ಸಡಿಲ ಮಾಡಿದ ಕೋಟು ಅದು.

"ನಿಮ್ಮ ತಂದೆಯವರು ಆಮೇಲೆ ದಪ್ಪ ಆದ್ರಾ?" ಅಂತ ಕೇಳಿದಳು.

"ಅಯ್ಯೋ, ಕೇಳ್ಬೇಡಿ. ಮದುವೇಲಿ ಕಡ್ಡಿ. ನಾವೆಲ್ಲ ಹುಟ್ಟಿದ ಮೇಲೆ ಹೊಟ್ಟೆ ಬಂತು ನೋಡಿ, ಸಾಯೋವರೆಗೂ ಕರಗಲಿಲ್ಲ. ಖುಷಿಯ ಪ್ರಾಣಿ."

ಟೈಲರಮ್ಮ ಕೋಟನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಕಾಗದ ಎಳೆದುಕೊಂಡಳು. ಗುಮಾಸ್ತನಿಗೆ "ನಾಳೆ ಬನ್ನಿ" ಅಂದದ್ದೂ ಅವಳಿಗೆ ನೆನಪಿಲ್ಲ. ಬರೆದು ಮುಗಿಸುವ ಹೊತ್ತಿಗೆ ಸಂಪಾದಕರು ಹೇಳಿದ ಹೊತ್ತೂ ಆಗಿತ್ತು. "ಬಂದ್ಮೇಲೆ ಓದ್ತೀನಿ ಅತ್ತೆ" ಅಂದು ಓಡಿದಳು. ಅವನು ಬದುಕಿದನೋ ಇಲ್ಲವೋ ಅಂತ ಅತ್ತೆ ಕೇಳಲಿಲ್ಲ. ಕೇಳಲು ಧೈರ್ಯ ಸಾಲಲಿಲ್ಲ.

ಕಚೇರಿಯಲ್ಲಿ ಸಂಪಾದಕರು ಓದುತ್ತಾ ಓದುತ್ತಾ ಹುಬ್ಬು ಗಂಟಿಕ್ಕಿದರು. "ನಾಯಕನಿಗೆ ಹೊಟ್ಟೆ ಬರ್ಸಿದ್ದೀರಾ? ಪ್ರೇಮ ಕಾದಂಬರೀಲಿ?"

"ಬರ್ಸಿದ್ದೀನಿ."

"ಅವನ ಕೋಟು ಎರಡನೇ ಸಲ ಬಿಚ್ಚಿ ಹೊಲಿದಿದ್ದು ಸಣ್ಣ ಹೊಲಿಗೆ, ಹೆಂಗಸಿನ ಕೈ ಅಂತಿದೆ. ಯಾರು ಅದು? ಅವನಿಗೆ ಬೇರೆ ಮದುವೆನೂ ಮಾಡಿಸಿಬಿಟ್ರಾ?"

"ಮತ್ತೇನು, ಸಾಯೋತನಕ ಒಂಟಿಯಾಗೇ ಇರ್ಬೇಕಿತ್ತಾ ಅವನು?" ಅಂದಳು ಟೈಲರಮ್ಮ. ಆ ಸಾಲು ಬರೆಯುವಾಗ ಅವಳಿಗೆ ಹೊಟ್ಟೆ ಉರಿದದ್ದು ನಿಜ. ಆದರೂ ಬರೆದಿದ್ದಳು. "ಒಂದಕ್ಷರ ತೆಗೆಯಲ್ಲ ಸರ್. ಹೊಟ್ಟೆ ತೆಗೆದ್ರೆ ಕಥೆ ವಾಪಸ್ ಕೊಡಿ."

ಸಂಪಾದಕರು ತಮ್ಮ ಹೊಟ್ಟೆಯ ಕಡೆ ಒಮ್ಮೆ ನೋಡಿಕೊಂಡರು. ಅವರು ಹಾಕಿಕೊಂಡಿದ್ದ ಪ್ಯಾಂಟಿನ ಸೊಂಟ ಸಡಿಲ ಮಾಡಿಕೊಟ್ಟವಳು ಇವಳೇ. ನಗು ತಡೆಯದೆ, "ಹೋಗಿಮ್ಮ, ಅಚ್ಚಿಗೆ ಕೊಡ್ತೀನಿ. ಬೈಯೋರನ್ನ ನಿಮ್ಮ ಅಂಗಡಿಗೇ ಕಳಿಸ್ತೀನಿ" ಅಂದರು.

ಅಂಗಡಿಗೆ ಬಂದಾಗ ಅತ್ತೆ ಗುಂಡಿ ಡಬ್ಬಿ ಮುಚ್ಚಿಟ್ಟು ಕೈ ಕಟ್ಟಿ ಕೂತಿದ್ದರು. ಟೈಲರಮ್ಮ ಚಪ್ಪಲಿ ಬಿಡುತ್ತಲೇ ಕಥೆ ಹೇಳಲು ಶುರುಮಾಡಿದಳು. ನಾಯಕಿ ಕನ್ನಡಿಯಿಂದ ಈಚೆ ಬಂದಳು. ಅಲ್ಲಿಂದ ಹೊರಡುವ ಮುಂಚೆ ಡೇರೆಯವನಿಗೆ ಒಂದು ಕೋಟು ಹೊಲಿದುಕೊಟ್ಟಿದ್ದಳು, ಒಳಗೆ ಬಟ್ಟೆ ಬಿಟ್ಟು. ವರ್ಷಗಳಾದ ಮೇಲೆ ಯಾರೋ ಒಂದು ಹಳೇ ಕೋಟು ರಿಪೇರಿಗೆ ತಂದರು. ಅವಳು ತನ್ನ ಕೈಯ ಹೊಲಿಗೆಯನ್ನೇ ಗುರುತು ಹಿಡಿದಳು. ಪಕ್ಕೆ ಬಿಚ್ಚಿ ನೋಡಿದಳು.

ಅತ್ತೆ ನಡುವೆಯೇ ತಡೆದರು. "ಬಿಚ್ಚಿದ್ರಾ ಅದನ್ನ? ಮುಂಚೇನೇ?"

"ಒಂದು ಸಲ ಅಲ್ಲ ಅತ್ತೆ, ಎರಡು ಸಲ."

"ಎಷ್ಟು ಬಿಟ್ಟಿದ್ಲು ಬಟ್ಟೆ?"

"ನಾಲ್ಕು ಬೆರಳು."

"ಎಷ್ಟು ಉಳಿದಿತ್ತು?"

"ಏನೂ ಉಳಿದಿರಲಿಲ್ಲ. ಎಲ್ಲಾ ಬೇಕಾಗಿತ್ತು ಅವನಿಗೆ."

ಅತ್ತೆ ಗುಂಡಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ಚೆನ್ನಾಗಿ ಉಂಡಿದ್ದಾನೆ ಬಿಡು" ಅಂದರು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎದ್ದು ಟ್ರಯಲ್ ರೂಮಿಗೆ ಹೋಗಿ ಗೂಟದಲ್ಲಿದ್ದ ಮಗನ ಕೋಟು ತಂದು ಟೇಬಲ್ಲಿನ ಮೇಲೆ ಹರಡಿ, ಅಸ್ತರು ಎತ್ತಿ, ಪಕ್ಕೆಯ ಹೊಲಿಗೆಗೆ ಬ್ಲೇಡು ಹಾಕಿದರು. ಟೈಲರಮ್ಮ ತಡೆಯಲಿಲ್ಲ. ಅದೇ ಬಣ್ಣದ ದಾರ ಹುಡುಕಿ ಬಾಬಿನ್ ತುಂಬಿ ಮೆಷಿನ್ನಿಗೆ ಕೂತಳು.

ಇಬ್ಬರೂ ಸೇರಿ ಒಳಗಿದ್ದ ನಾಲ್ಕು ಬೆರಳು ಬಟ್ಟೆಯನ್ನೂ ಹೊರಗೆ ಬಿಟ್ಟು ಸಡಿಲವಾಗಿ ಹೊಲಿದರು. ಇಸ್ತ್ರಿ ಮಾಡಿ ಮತ್ತೆ ಗೂಟಕ್ಕೆ ಹಾಕಿದಾಗ ಕೋಟು ಮೈತುಂಬಿಕೊಂಡ ಒಬ್ಬ ಗಂಡಸಿನ ಅಳತೆಗಿತ್ತು.