ಚುಕ್ಕಿ ಗುರುತಿನ ಲಾಳಗಳು

1799ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಸೂರ್ಯ ಹುಟ್ಟಿ ಎರಡು ಗಳಿಗೆ ಕಳೆದಿತ್ತು. ಈಗಿನ ಲೆಕ್ಕದಲ್ಲಿ ಏಳೂಕಾಲು. ನಾವು ಇಂದು ಪಾಂಡವಪುರ ಎನ್ನುವ ಹಿರೋಡೆಯಲ್ಲಿ ಕಮ್ಮಾರ ಕಾಳಾಚಾರಿ ಹಳೆಯ ಲಾಳಗಳನ್ನು ಕಾಯಿಸಿ ತಟ್ಟುತ್ತಿದ್ದ. ಫಿರಂಗಿ ಎಳೆದುಕೊಂಡು ಮೂಡಲಿಗೆ ಹೋದ ಎತ್ತುಗಳಿಗೆ ಅವನೇ ಕಟ್ಟಿದ್ದ ಲಾಳಗಳವು. ಎತ್ತುಗಳು ವಾಪಸು ಬಂದಿರಲಿಲ್ಲ. ಲಾಳಗಳಷ್ಟೇ ಮೂಟೆಯಲ್ಲಿ ಬಂದಿದ್ದವು.

ಕುಲುಮೆಯ ಪಕ್ಕದಲ್ಲೇ ಅವನ ಎತ್ತು ಬೋರ ಮಲಗಿತ್ತು. ಅದು ಹುಟ್ಟು ಕಿವುಡು. ಕರುವಾಗಿದ್ದಾಗ ಸುತ್ತಿಗೆಯ ಏಟಿಗೆ ತಾಯಿ ಬೆಚ್ಚಿದರೂ ಅದು ನಿದ್ದೆ ಬಿಡುತ್ತಿರಲಿಲ್ಲ.

"ಕೆಪ್ಪುನ್ನ ಕಟ್ಕೊಂಡು ಏನ್ ಮಾಡೀಯಲಾ? ಸಂತೇಲಿ ಮಾರ್ಬುಡು," ಎಂದಿದ್ದ ಪಕ್ಕದ ಮನೆಯ ಹೊನ್ನಪ್ಪ.

"ನೀನು ಇಷ್ಟು ಕೂಗಾಡಿದ್ರೂ ಅದು ಬೇಜಾರ್ ಮಾಡ್ಕಂಡಿಲ್ಲ, ನೋಡ್ಲಾ," ಎಂದಿದ್ದ ಕಾಳಾಚಾರಿ.

ಹೆಗಲಿಗೆ ಅಂಗೈ ಒತ್ತಿದರೆ ನಡೆ, ಬೆನ್ನು ತಟ್ಟಿದರೆ ನಿಲ್ಲು ಎಂದು ವರ್ಷವಿಡೀ ಕಲಿಸಿದ. ಈಗ ಕುಲುಮೆಗೆ ಇದ್ದಿಲು ಎಳೆದು ತರುತ್ತಿದ್ದುದು ಬೋರನೇ.

ಅವತ್ತು ಫಿರಂಗಿಗೆ ಎತ್ತು ಹುಡುಕುತ್ತ ಸುಲ್ತಾನರ ದಂಡಿನ ಜಮಾದಾರ ಶಹಾಬುದ್ದೀನ್ ಬಂದ. ಮೂಡಲಲ್ಲಿ ಹೊಗೆ ಎದ್ದಿತ್ತು. ಶತ್ರುವಿಗೆ ಮೇವು ಸಿಗಬಾರದೆಂದು ಹುಲ್ಲಿನ ಮೆದೆಗಳಿಗೆ ಬೆಂಕಿ ಇಟ್ಟಿದ್ದರು.

"ಇದು ಕೆಪ್ಪು, ಸ್ವಾಮಿ. ಕೂಗಿದ್ರೆ ಕೇಳಾಕಿಲ್ಲ," ಎಂದ ಕಾಳಾಚಾರಿ.

"ಈ ವಾರ ಊರಿನ ಎತ್ತೆಲ್ಲಾ ಕೆಪ್ಪಾಗವೆ, ಆಚಾರಿ," ಎಂದು ಜಮಾದಾರ ನಕ್ಕ. ಬೋರನ ಹಿಂದೆ ನಿಂತು ಬಂದೂಕು ಹಾರಿಸಿದ. ಹೊನ್ನಪ್ಪನ ಜೋಡೆತ್ತು ಹಗ್ಗ ಕಿತ್ತುಕೊಂಡು ಓಡಿದವು. ಬೋರ ಮೆಲುಕು ಹಾಕುತ್ತಲೇ ಇತ್ತು.

ಜಮಾದಾರನ ನಗು ನಿಂತಿತು. "ನಿಜವಾಗ್ಲೂ ಕೆಪ್ಪೇ. ಫಿರಂಗಿ ಸದ್ದಿಗೆ ಎತ್ತು ಬೆದರಿ ತುಳಿದು ನಮ್ಮೋರೇ ಸತ್ತವ್ರೆ, ಭಾಯ್. ಇಂಥಾದ್ದೇ ಬೇಕು."

ಹೇಳಿದ ನಿಜವೇ ಬೋರನನ್ನು ಹಿಡಿದುಕೊಟ್ಟಿತ್ತು. ಕಾಳಾಚಾರಿ ಬೋರನ ಪಕ್ಕ ಹೋಗಿ ನಿಂತ. "ಅದ್ಕೆ ನನ್ ಕೈ ಬಿಟ್ರೆ ಬೇರೆ ಏನೂ ತಿಳಿಯಾಕಿಲ್ಲ. ನಾನೂ ಬತ್ತೀನಿ."

ಕುಲುಮೆಗೆ ಗಾಳಿ ಊದುತ್ತಿದ್ದ ಹೆಂಡತಿ ಚಲುವಮ್ಮ ತಿದಿ ಬಿಟ್ಟು ಎದ್ದಳು. "ದಂಡಿಗೋದ ಎತ್ತು ಒಂದಾದ್ರೂ ಬಂದದಾ? ನೀವ್ಯಾಕೆ ಓಗ್ತೀರಿ?"

"ಕೂಗಿದ್ದು ಕೇಳ್ಲಿಲ್ಲಾಂತ ಅದ್ನ ಬಡೀತಾರೆ ಕಣೇ."

ಬೋರನಿಗೆ ಹೊಸ ಲಾಳ ಕಟ್ಟಿದ. ಕಟ್ಟುವ ಮೊದಲು ಪ್ರತಿಯೊಂದರ ಮೇಲೂ ಉಳಿಯ ಮೊನೆಯಿಂದ ಒಂದು ಚುಕ್ಕಿ ಹೊಡೆದಿದ್ದ. ಮೂಟೆ ಬಂದಾಗ ಚುಕ್ಕಿ ನೋಡು, ಎಲ್ಲವೂ ಬಂದರೆ ಬೋರ ಉಳಿದಿಲ್ಲ ಅಂತ ತಿಳಿ ಎಂದು ಹೆಂಡತಿಗೆ ಹೇಳಿ, ಬೋರನ ಹೆಗಲಿಗೆ ಅಂಗೈ ಒತ್ತಿದ.

ಕುಲುಮೆಯನ್ನು ಕಾಳಾಚಾರಿಯ ತಮ್ಮ ನೋಡಿಕೊಂಡ. ಬಂದ ಮೂಟೆಗಳನ್ನೆಲ್ಲ ಚಲುವಮ್ಮ ನೆಲಕ್ಕೆ ಸುರಿದು ಹುಡುಕಿದಳು. ಶ್ರೀರಂಗಪಟ್ಟಣದ ಕಡೆಯಿಂದ ಫಿರಂಗಿ ಸದ್ದು ಕೇಳತೊಡಗುವ ಹೊತ್ತಿಗೆ ಚುಕ್ಕಿಯವು ಮೂರು ಸಿಕ್ಕಿದ್ದವು. ನಡೆಯುವಾಗ ಲಾಳ ಕಳಚಿ ಬೀಳುವುದೂ ಉಂಟು. ಅವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಹೊರಡುವಾಗ ಗಂಡ ಹೇಳಿದ್ದನ್ನೇ ನೆನೆದಳು:

"ಕಾಲಿಗೆ ಎರಡು. ಎಲ್ಲಾ ಸೇರಿ ಎಂಟು."